ಜೇನುವಿಗೆ ಗಂಡು ಹುಡುಕಿದ ಹದಿನಾಲ್ಕು ತಿಂಗಳು

ಮೊನ್ನೆ ಕೊನೆಯ ಮರಿಯೂ ತನ್ನ ಹೊಸ ಮನೆಗೆ ಹೋಯಿತು. ಮನೆ ಬಿಕೋ ಎನ್ನುತ್ತಿದೆ. ಹದಿನಾಲ್ಕು ತಿಂಗಳ ಹಿಂದೆ ಈ ಕೆಲಸಕ್ಕೆ ಕೈಹಾಕಿದಾಗ ಯಾವುದನ್ನು ಮೊದಲು ಮಾಡಬೇಕು, ಬಂದ ಅಂಕಿಯನ್ನು ಹೇಗೆ ಓದಬೇಕು ಎಂದು ನನ್ನ ಭಾಷೆಯಲ್ಲಿ ಹೇಳಿಕೊಡುವವರು ಒಬ್ಬರೂ ಸಿಕ್ಕಿರಲಿಲ್ಲ. ಶುದ್ಧ ತಳಿಯ ಹೆಣ್ಣುನಾಯಿ ಸಾಕಿಕೊಂಡು, ಒಂದು ಸಲವಾದರೂ ಸರಿಯಾಗಿ ಮರಿ ಮಾಡಿಸಬೇಕು ಎಂದುಕೊಂಡವರಿಗೆ ಉಪಯೋಗವಾಗಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಜೇನು ನನ್ನ ಸ್ಟ್ಯಾಂಡರ್ಡ್ ಪೂಡಲ್. ಏಪ್ರಿಕಾಟ್ ಬಣ್ಣದವಳು, ಈಗ ನಾಲ್ಕು ವರ್ಷ. ಅವಳಿಗಿಂತ ಮೊದಲು ನಮ್ಮ ಮನೆಯಲ್ಲಿ ಇದ್ದವನು ಭೀಮ. ಜೇನುವಿನ ತಾಯಿಯ ಒಡಹುಟ್ಟಿದವನು, ಅಂದರೆ ಅವಳ ಸೋದರಮಾವ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಅವನಿಗೆ ಏನೋ ಆಗತೊಡಗಿತು. ಎರಡು ದಿನ ಊಟ ಬಿಡುತ್ತಿದ್ದ, ವಾಂತಿ ಮಾಡುತ್ತಿದ್ದ, ಹಿಂಗಾಲು ನಡುಗುತ್ತಿತ್ತು. ಡ್ರಿಪ್ ಹಾಕಿಸಿದರೆ ಮರುದಿನವೇ ಏನೂ ಆಗದವನಂತೆ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದ. ಹೊಟ್ಟೆ ಕೆಟ್ಟಿದೆ ಎಂದುಕೊಂಡೆವು. ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ಅವನ ಗುಂಡಿಗೆ ಬಡಿತ ತೀರ ನಿಧಾನವಾಗಿತ್ತು. ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿತ್ತು. ಅಡಿಸನ್ ಕಾಯಿಲೆ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆ ರಾತ್ರಿ. ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿಬಿಡುವ ಕಾಯಿಲೆ ಅದು. ಬೇಗ ಗೊತ್ತಾದರೆ ಇಂಜೆಕ್ಷನ್ನು, ಮಾತ್ರೆಗಳಲ್ಲಿ ನಾಯಿ ತನ್ನ ಆಯುಷ್ಯ ಪೂರ್ತಿ ಬದುಕುತ್ತದೆ. ನಮಗೆ ಬೇಗ ಗೊತ್ತಾಗಲಿಲ್ಲ. ಬೆಳಗಿನ ಜಾವ ಭೀಮ ಹೋದ.

ಪೂಡಲ್ ಸಾಕುವವರಿಗೆ ಒಂದು ಮಾತು: ಬಂದು ಹೋಗಿ ಮಾಡುವ ವಾಂತಿ, ಸುಸ್ತು, ನಡುಕ ಕಂಡರೆ ಸೋಡಿಯಂ, ಪೊಟ್ಯಾಸಿಯಂ ನೋಡಿಸಿ, ಅನುಮಾನ ಉಳಿದರೆ ಅಡ್ರಿನಲ್ ಗ್ರಂಥಿಗಳು ಕೆಲಸ ಮಾಡುತ್ತಿವೆಯೇ ಎಂದು ನೋಡುವ ಎಸಿಟಿಎಚ್ ಪರೀಕ್ಷೆ ಮಾಡಿಸಲು ನೀವೇ ಕೇಳಿ. ನಾವು ಕೇಳಬೇಕಿತ್ತು.

ಹಾಗಾಗಿ ಜೇನುವಿಗೆ ಗಂಡು ನೋಡುವ ಮಾತು ಬಂದಾಗ ನನಗೆ ಮೊದಲು ಬೇಕಿದ್ದುದು ಅಡಿಸನ್‌ಗೆ ಒಂದು ಡಿಎನ್ಎ ಪರೀಕ್ಷೆ. ಈ ತಳಿಯಲ್ಲಿ ಅದಕ್ಕೆ ಅಂಥದೊಂದು ಪರೀಕ್ಷೆಯೇ ಇಲ್ಲ. ಒಂದು ಜೀನ್ ಕೆಟ್ಟು ಬರುವ ಕಾಯಿಲೆ ಅಲ್ಲ ಅದು. ಹುಡುಕುತ್ತಾ ಹೋದಾಗ ಕೈಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕ, ಕೆನಡಾ, ಯುರೋಪುಗಳ 761 ಪೂಡಲ್‌ಗಳ ಡಿಎನ್ಎ ನೋಡಿದ್ದರು. ಮೇಲ್ನೋಟಕ್ಕೆ ಸ್ಟ್ಯಾಂಡರ್ಡ್ ಪೂಡಲ್‌ಗಳಲ್ಲಿ ಜೀನುಗಳ ವೈವಿಧ್ಯ ತಕ್ಕಮಟ್ಟಿಗೆ ಇದೆ. ಆದರೆ ಹಂಚಿಕೆ ನೋಡಿದರೆ ನೂರಕ್ಕೆ 70 ನಾಯಿಗಳಲ್ಲಿ ಇರುವುದು ಇಡೀ ತಳಿಯ ವೈವಿಧ್ಯದ 30 ಪಾಲು ಮಾತ್ರ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಪ್ರದರ್ಶನಗಳಲ್ಲಿ ಗೆದ್ದ ಕೆಲವೇ ನಾಯಿಗಳನ್ನು ಮತ್ತೆ ಮತ್ತೆ ಬಳಸಿದ್ದರ ಫಲ ಅದು. ಅಡಿಸನ್, ಮತ್ತು ಚರ್ಮದ ಎಣ್ಣೆಗ್ರಂಥಿಗಳನ್ನೇ ದೇಹ ನಾಶಮಾಡುವ ಸೆಬೇಶಿಯಸ್ ಅಡಿನೈಟಿಸ್, ಎರಡೂ ಹೆಚ್ಚಾಗಿ ಕಂಡದ್ದು ಆ 70ರ ಗುಂಪಿನಲ್ಲಿ. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಡಿಎಲ್ಎ ಎಂಬ ಭಾಗದಲ್ಲಿ, ಅದರ ಕ್ಲಾಸ್ 1 ಎಂಬ ತುಂಡಿನಲ್ಲಿ ಅಪರೂಪದ ಹ್ಯಾಪ್ಲೋಟೈಪ್ (ಒಟ್ಟಿಗೇ ಇಳಿದುಬರುವ ಜೀನುಗಳ ಗುಂಪು) ಇದ್ದ ನಾಯಿಗಳಿಗೆ ಈ ಕಾಯಿಲೆಗಳು ಬರುವ ಸಂಭವ ಸಾಮಾನ್ಯ ಹ್ಯಾಪ್ಲೋಟೈಪಿನವಕ್ಕಿಂತ ಅರ್ಧದಷ್ಟು.

ಆ ರಾತ್ರಿ ನಿದ್ದೆ ಬರಲಿಲ್ಲ. ಭೀಮ ಆ 70ರಲ್ಲಿ ಒಬ್ಬನಾಗಿದ್ದನೋ ಏನೋ, ತಿಳಿಯಲು ದಾರಿಯಿಲ್ಲ. ಜೇನು ಎಲ್ಲಿದ್ದಾಳೆ ಎಂದಾದರೂ ತಿಳಿಯಬೇಕಿತ್ತು.

ಜೇನುವಿನ ಪೆಡಿಗ್ರಿ ಪತ್ರ, ಅಂದರೆ ವಂಶಾವಳಿ, ನೋಡಿದರೆ ಭಯಪಡುವಂಥದ್ದೇನೂ ಇರಲಿಲ್ಲ. ಐದು ತಲೆಮಾರಿನ 62 ಹೆಸರುಗಳಲ್ಲಿ ಎರಡು ಬಾರಿ ಬಂದದ್ದು ಒಂದೇ ಹೆಸರು. ಹತ್ತಿರದ ಸಂಬಂಧದೊಳಗೇ ಮರಿ ಮಾಡಿಸುವ ಇನ್‌ಬ್ರೀಡಿಂಗ್‌ನ ಅಳತೆಗೆ ಸಿಓಐ ಎನ್ನುತ್ತಾರೆ. 1922ರಲ್ಲಿ ಸೀವಾಲ್ ರೈಟ್ ಕೊಟ್ಟ ಲೆಕ್ಕ ಅದು: ಒಂದು ಜೀನಿನ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ ಎಷ್ಟು ಎಂದು ಹೇಳುತ್ತದೆ. ಒಡಹುಟ್ಟಿದವರನ್ನು ಜೋಡಿ ಮಾಡಿದರೆ ಮರಿಗೆ ಶೇಕಡಾ 25, ತಂದೆ ಅಥವಾ ತಾಯಿ ಮಾತ್ರ ಒಂದೇ ಆಗಿರುವವರಾದರೆ 12.5, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಸಂಬಂಧವಾದರೆ 6.25. ಐದು ತಲೆಮಾರಿಗೆ ಜೇನುವಿನ ಸಿಓಐ ಶೇಕಡಾ 2ಕ್ಕಿಂತ ಕಡಿಮೆ. ಒಂದು ದಿನ ಪೂರ್ತಿ ನಾನು ಸಂತೋಷದಲ್ಲಿದ್ದೆ.

ಆಮೇಲೆ ಹಳೆಯ ದಾಖಲೆಗಳನ್ನು ಕೂಡಿಸಿ ಹತ್ತು ತಲೆಮಾರಿನವರೆಗೆ ಹೋದೆ. ಇದಕ್ಕೆ ಮೂರು ವಾರ ಹಿಡಿಯಿತು, ಏಕೆಂದರೆ ಒಂದೇ ನಾಯಿಯ ಹೆಸರನ್ನು ಬೇರೆ ಬೇರೆ ನೋಂದಣಿಗಳಲ್ಲಿ ಬೇರೆ ಬೇರೆ ಕಾಗುಣಿತದಲ್ಲಿ ಬರೆದಿರುತ್ತಾರೆ. ಹುಟ್ಟಿದ ತಾರೀಕು ತಾಳೆ ನೋಡದೆ ಒಂದೇ ನಾಯಿ ಎಂದು ಹೇಳಲಾಗದು. ಹತ್ತನೆಯ ತಲೆಮಾರಿನಲ್ಲಿ 1024 ಜಾಗಗಳಿರುತ್ತವೆ. ಒಬ್ಬನೇ ಗಂಡುನಾಯಿಯ ಹೆಸರು ಅಲ್ಲಿ ಅರುವತ್ತಕ್ಕೂ ಹೆಚ್ಚು ಕಡೆ ಇತ್ತು. ಸಿಓಐ 2ರಿಂದ 13ಕ್ಕೆ ಹಾರಿತು. ಐದು ತಲೆಮಾರಿನ ಲೆಕ್ಕ ಸುಳ್ಳಲ್ಲ. ಆದರೆ ಆರನೆಯ ತಲೆಮಾರಿನಿಂದಾಚೆ ಎಲ್ಲರೂ ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲದವರು ಎಂದು ಅದು ಎಣಿಸುತ್ತದೆ. ಹೊರಗಿನ ನಾಯಿಗಳನ್ನು ಸೇರಿಸದ, ಮುಚ್ಚಿದ ನೋಂದಣಿ ಪುಸ್ತಕದ ತಳಿಯಲ್ಲಿ ಹಾಗಿರುವುದು ಸಾಧ್ಯವೇ ಇಲ್ಲ. ನಿಮಗೆ ಯಾರಾದರೂ ಸಿಓಐ ಹೇಳಿದರೆ "ಎಷ್ಟು ತಲೆಮಾರಿಗೆ?" ಎಂದು ಮೊದಲು ಕೇಳಿ.

ಇನ್ನು ಉಳಿದದ್ದು ಡಿಎನ್ಎ. ಎರಡು ಬಗೆಯ ಪರೀಕ್ಷೆ ಮಾಡಿಸಿದೆ. ಒಂದು, ಲಕ್ಷಗಟ್ಟಲೆ ಬಿಂದುಗಳನ್ನು ನೋಡಿ, ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ ಉದ್ದಕ್ಕೆ ಒಂದೇ ತೆರನಾಗಿರುವ ತುಂಡುಗಳನ್ನು ಅಳೆದು ಸಿಓಐ ಕೊಡುವುದು. ಇನ್ನೊಂದು, ಪೂಡಲ್ ಅಧ್ಯಯನದಲ್ಲಿ ಬಳಸಿದ ಹಾಗೆ 33 ಮಾರ್ಕರ್‌ಗಳನ್ನೂ (ಡಿಎನ್ಎಯಲ್ಲಿ ಗುರುತಿಟ್ಟುಕೊಂಡ ಜಾಗಗಳು) ಡಿಎಲ್ಎ ಭಾಗವನ್ನೂ ನೋಡುವುದು. ಎರಡಕ್ಕೂ ಬೇಕಿರುವುದು ಕೆನ್ನೆಯ ಒಳಗೆ ಉಜ್ಜಿ ತೆಗೆದ ಸ್ವ್ಯಾಬ್ ಮಾತ್ರ. ಕಾಗದಗಳು: ನೋಂದಣಿ ಪತ್ರದ ಪ್ರತಿ, ಮೈಕ್ರೋಚಿಪ್ ನಂಬರು, ಪೆಡಿಗ್ರಿ, ಮಾಲೀಕರ ಸಹಿ ಇರುವ ಒಪ್ಪಿಗೆ ಪತ್ರ.

ಸುಲಭವಾಗಿ ಕಾಣುತ್ತದೆ. ಎರಡನೆಯ ಪರೀಕ್ಷೆಯ ಮಾದರಿ ತಿರಸ್ಕಾರವಾಯಿತು. ತಪ್ಪು ನನ್ನದು. ಜೇನು ಊಟ ಮಾಡಿದ ಅರ್ಧ ಗಂಟೆಗೆ ಸ್ವ್ಯಾಬ್ ತೆಗೆದಿದ್ದೆ, ಹಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿದ್ದೆ. ಡಿಎನ್ಎ ಸಾಲದು ಎಂದು ಇಪ್ಪತ್ತೆರಡನೆಯ ದಿನ ತಿಳಿಸಿದರು. ಅದರ ಜೊತೆಗೆ, ನೋಂದಣಿ ಪತ್ರದಲ್ಲಿದ್ದ ಮೈಕ್ರೋಚಿಪ್ ನಂಬರಿಗೂ ನಾನು ಬರೆದದ್ದಕ್ಕೂ ಒಂದು ಅಂಕಿ ಹೊಂದುತ್ತಿರಲಿಲ್ಲ. ವೈದ್ಯರ ಬಳಿ ಹೋಗಿ ಸ್ಕ್ಯಾನರ್ ಹಿಡಿಸಿದರೆ ನಾನು ಬರೆದದ್ದೇ ಸರಿ. ಪತ್ರದಲ್ಲೇ ತಪ್ಪು ಅಚ್ಚಾಗಿತ್ತು. ಅದನ್ನು ತಿದ್ದಿಸಲು ಅರ್ಜಿ, ವೈದ್ಯರ ದೃಢೀಕರಣ, ಮೂಲ ಪತ್ರ ಎಲ್ಲವನ್ನೂ ಕಳಿಸಿ ಕಾಯಬೇಕಾಯಿತು. ನೀವು ಯಾವ ಪರೀಕ್ಷೆಗೂ ದುಡ್ಡು ಕಟ್ಟುವ ಮೊದಲು ಚಿಪ್ ಸ್ಕ್ಯಾನ್ ಮಾಡಿಸಿ, ಪತ್ರದ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಸ್ವ್ಯಾಬ್ ತೆಗೆಯುವ ಮುಂಚೆ ಎರಡು ಗಂಟೆ ಊಟ ಕೊಡಬೇಡಿ, ಬೇರೆ ನಾಯಿಯ ಬಾಯಿಗೆ ಬಾಯಿ ತಾಗಿಸಲು ಬಿಡಬೇಡಿ. ತೆಗೆದ ಮೇಲೆ ಗಾಳಿಗೆ ಚೆನ್ನಾಗಿ ಒಣಗಿಸಿ, ಕಾಗದದ ಲಕೋಟೆಯಲ್ಲಿಡಿ.

ಇಷ್ಟರಲ್ಲಿ ಜೇನು ಬೆದೆಗೆ ಬಂದಳು. ವರದಿ ಕೈಯಲ್ಲಿಲ್ಲ. ನಾಯಿ ಬೆದೆಗೆ ಬರುವುದು ಆರೇಳು ತಿಂಗಳಿಗೊಮ್ಮೆ. ಆಗಲೇ ಒಂದು ಗಂಡನ್ನು ಮಾತಾಡಿಟ್ಟಿದ್ದೆ. ಅವನ ಮಾಲೀಕರು ಈ ಬೆದೆಗೆ ತರದಿದ್ದರೆ ಮುಂದಿನದಕ್ಕೆ ಮಾತು ಕೊಡಲಾರೆ ಎಂದರು. ಎರಡು ದಿನ ಒದ್ದಾಡಿದೆ. ಕೊನೆಗೆ ಬಿಟ್ಟುಬಿಟ್ಟೆ. ಆಗ ಕೈಬಿಟ್ಟದ್ದು ಎಷ್ಟು ಒಳ್ಳೆಯದಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಮಾಡಿಸುವವರು ಬೆದೆ ಮುಗಿದ ಮರುವಾರವೇ ಪರೀಕ್ಷೆ ಶುರುಮಾಡಿ. ಆಗ ಮಾತ್ರ ಸಮಯ ಸಾಕಾಗುತ್ತದೆ.

ವರದಿಗಳು ಬಂದವು. ಮೊದಲನೆಯದರಲ್ಲಿ ಸಿಓಐ 24. ಅಂದರೆ ಸಂಬಂಧವೇ ಇಲ್ಲದ ಎರಡು ನಾಯಿಗಳಿಗೆ ಹುಟ್ಟಿದ ಅಣ್ಣ ತಂಗಿಯನ್ನು ಜೋಡಿ ಮಾಡಿದರೆ ಮರಿ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಪತ್ರದಲ್ಲಿ 2, ಹತ್ತು ತಲೆಮಾರಿಗೆ 13, ಮೈಯೊಳಗೆ 24. ಆ ಹಾಳೆ ಹಿಡಿದುಕೊಂಡು ಜೇನುವಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅವಳ ಬಗ್ಗೆ ಅಲ್ಲ, ಭೀಮನ ಬಗ್ಗೆ ಅತ್ತೆ. ಆಮೇಲೆ ತಿಳಿಯಿತು, ಜೇನು ಅಪವಾದವೇನೂ ಅಲ್ಲ: 2021ರಲ್ಲಿ ಪ್ರಕಟವಾದ, 227 ತಳಿಗಳನ್ನು ನೋಡಿದ ಡ್ಯಾನಿಕಾ ಬನಾಷ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ತಳಿಗಳ ಸರಾಸರಿಯೇ 25ರ ಆಸುಪಾಸು ಇದೆ. ಸಮಾಧಾನ ಕೊಡುವ ವಿಷಯವಲ್ಲ, ಆದರೆ ಗಾಬರಿಯಾಗಿ ನಾಯಿಯನ್ನು ಮೂಲೆಗೆ ಕೂರಿಸುವ ಕಾರಣವೂ ಅಲ್ಲ.

ಎರಡನೆಯ ವರದಿಯಲ್ಲಿ ಐಆರ್ ಎಂಬ ಅಂಕಿ ಇರುತ್ತದೆ. ಅದು −1ರಿಂದ +1ರವರೆಗೆ ಹೋಗುತ್ತದೆ. ಹೆಚ್ಚಾದಷ್ಟೂ ನಾಯಿಯ ತಂದೆತಾಯಿ ಒಬ್ಬರನ್ನೊಬ್ಬರು ಹೋಲುತ್ತಿದ್ದರು ಎಂದರ್ಥ. ಜೇನುವಿಗೆ 0.21. ತಳಿಯಲ್ಲಿ ಅಪರೂಪವಾದ ಜೀನುಗಳು ಎಷ್ಟಿವೆ ಎಂದು ತೋರಿಸುವ ಓಐ ಅವಳಲ್ಲಿ ಕಡಿಮೆ. ಡಿಎಲ್ಎಯಲ್ಲಿ ತಾಯಿಯಿಂದಲೂ ತಂದೆಯಿಂದಲೂ ಒಂದೇ ಹ್ಯಾಪ್ಲೋಟೈಪ್, ಅದೂ ತಳಿಯಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಒಂದು ಎಚ್ಚರಿಕೆ: ಈ ಐಆರ್ ಬೇರೆ, ಮೊದಲನೆಯ ವರದಿಯ ಸಿಓಐ ಬೇರೆ. ಒಂದು ಪರೀಕ್ಷೆಯ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ಇಟ್ಟು ಇವನಿಗಿಂತ ಅವನು ಮೇಲು ಎನ್ನಬೇಡಿ.

ಜೊತೆಗೆ ಇನ್ನೊಂದು ಸುದ್ದಿ. ನವಜಾತ ಮರಿಗಳಿಗೆ ಫಿಟ್ಸ್ ಬರುವ ಒಂದು ಕಾಯಿಲೆ ಸ್ಟ್ಯಾಂಡರ್ಡ್ ಪೂಡಲ್‌ಗಳಲ್ಲಿದೆ, ಹೆಸರು ನ್ಯೂಸ್. ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದ ಮರಿಗಳು ಬದುಕಿ ಬೆಳೆಯುವುದಿಲ್ಲ. ಜೇನು ಅದರ ವಾಹಕಿ: ಅವಳಿಗೇನೂ ತೊಂದರೆಯಿಲ್ಲ, ಆದರೆ ಒಂದು ಕೆಟ್ಟ ಪ್ರತಿ ಅವಳಲ್ಲಿದೆ.

ನನಗೆ ಭೀಮನನ್ನೂ ಜೇನುವನ್ನೂ ಕೊಟ್ಟವರು ಮೂವತ್ತು ವರ್ಷದಿಂದ ಪೂಡಲ್ ಸಾಕುತ್ತಿರುವವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ನಾಯಿಯ ಮೈಕಟ್ಟು, ನಡಿಗೆ, ಕಣ್ಣು ನೋಡಲು ಕಲಿಸಿದವರೇ ಅವರು. ವರದಿ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದರು.

"ವಾಹಕಿ ಅಂತ ಬಂದಮೇಲೆ ಮುಗೀತಲ್ಲಮ್ಮ. ಅವಳಿಗೆ ಆಪರೇಷನ್ ಮಾಡಿಸಿಬಿಡು."

"ಅಕ್ಕ, ಗಂಡು ಸರಿಯಿದ್ದರೆ ಒಂದು ಮರಿಗೂ ಕಾಯಿಲೆ ಬರಲ್ಲ. ಅರ್ಧ ಮರಿಗಳು ವಾಹಕಗಳಾಗ್ತವೆ, ಅಷ್ಟೇ. ಇವಳನ್ನು ತೆಗೆದುಬಿಟ್ಟರೆ ಇವಳಲ್ಲಿರೋ ಮಿಕ್ಕಿದ್ದೆಲ್ಲ ಇವಳ ಜೊತೆಗೇ ಹೋಗುತ್ತಲ್ಲ."

"ಕಂಪ್ಯೂಟರ್ ಲೆಕ್ಕದಿಂದ ನಾಯಿ ಹುಟ್ಟಲ್ಲ ಕಣಮ್ಮ. ಕಣ್ಣಿಂದ ನೋಡಬೇಕು. ನಾನು ಮೂವತ್ತು ವರ್ಷ ಕಣ್ಣಿಂದಾನೇ ನೋಡಿದ್ದು."

ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಭೀಮ ಅವರ ಮನೆಯಲ್ಲಿ ಹುಟ್ಟಿದವನು. ಅವನು ಹೋದ ದಿನ ನನಗಿಂತ ಹೆಚ್ಚು ಅತ್ತವರು ಅವರು. ನಾನು ವಾದ ಬೆಳೆಸಲಿಲ್ಲ. ಅವರ ಕಣ್ಣಿಗೆ ಕಾಣದ್ದು ಅವರ ತಪ್ಪಲ್ಲ. ಕಣ್ಣಿಗೆ ಕಾಣುವುದೆಲ್ಲ ಚೆನ್ನಾಗಿದ್ದ ನಾಯಿ ಭೀಮ.

ವಾಹಕ ಎಂದ ಕೂಡಲೇ ನಾಯಿಯನ್ನು ತಳಿಯಿಂದ ಹೊರಗಿಡುವುದು ಎಷ್ಟೋ ತಳಿಗಳಲ್ಲಿ ಆಗುತ್ತಿರುವ ತಪ್ಪು ಎಂದೇ ನನ್ನ ನಂಬಿಕೆ. ಪರೀಕ್ಷೆ ಇರುವುದು ನಾಯಿಯನ್ನು ಉಳಿಸಿಕೊಂಡು ಕಾಯಿಲೆಯನ್ನು ದೂರವಿಡಲು. ವಾಹಕಿಯನ್ನು ವಾಹಕನಲ್ಲದ ಗಂಡಿಗೆ ಕೊಡಿ, ಮರಿಗಳನ್ನು ಪರೀಕ್ಷಿಸಿ, ಮುಂದಿನ ತಲೆಮಾರಿಗೆ ಆ ಕೆಟ್ಟ ಪ್ರತಿ ಇಲ್ಲದ ಮರಿ ಆರಿಸಿಕೊಳ್ಳಿ. ಒಂದು ಜೀನಿಗಾಗಿ ಸಾವಿರಾರು ಜೀನುಗಳನ್ನು ಬಿಸಾಡಬೇಡಿ.

ಈಗ ಗಂಡು. ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆ ಸರಿಯಿದ್ದು, ನ್ಯೂಸ್ ಇಲ್ಲದ ಮೂವರು ಗಂಡುಗಳನ್ನು ಆರಿಸಿದೆ. ಈ ಕ್ರಮ ತಪ್ಪಿಸಬೇಡಿ: ಮೊದಲು ಆರೋಗ್ಯ ಮತ್ತು ಸ್ವಭಾವ, ಅದರಲ್ಲಿ ಪಾಸಾದವರ ನಡುವೆ ಮಾತ್ರ ವೈವಿಧ್ಯದ ಲೆಕ್ಕ.

ಮೊದಲನೆಯವನು ಹಿಂದೆ ಹೇಳಿದೆನಲ್ಲ, ಮಾತಾಡಿಟ್ಟಿದ್ದವನು. ಪ್ರದರ್ಶನಗಳಲ್ಲಿ ಗೆದ್ದವನು, ಐಆರ್ −0.08. ವರದಿ ನೋಡಿದರೆ ಕಣ್ಣು ತಣಿಯಬೇಕು. ಎರಡನೆಯವನದು 0.05. ಮೂರನೆಯವನು ಒಂಬತ್ತೂವರೆ ವರ್ಷದ ಕಪ್ಪು ನಾಯಿ, ಎದೆಯ ಮೇಲೆ ಅಂಗೈ ಅಗಲದ ಬಿಳಿ ಮಚ್ಚೆ. ಆ ಮಚ್ಚೆಗಾಗಿ ಎಳವೆಯಲ್ಲೇ ಪ್ರದರ್ಶನದ ರಿಂಗಿನಿಂದ ಹೊರಬಿದ್ದವನು. ಐಆರ್ 0.18, ಹೆಚ್ಚುಕಡಿಮೆ ಜೇನುವಿನಷ್ಟೇ ಕೆಟ್ಟದ್ದು. ಮೊದಲ ನೋಟಕ್ಕೆ ಅವನ ಹೆಸರಿನ ಮೇಲೆ ಗೀಟು ಎಳೆದೇಬಿಟ್ಟಿದ್ದೆ.

ಆದರೆ ವರದಿಯ ಎರಡನೆಯ ಪುಟದಲ್ಲಿ 33 ಮಾರ್ಕರ್‌ಗಳ ಪಟ್ಟಿ ಇರುತ್ತದೆ. ಪ್ರತಿ ಮಾರ್ಕರ್‌ಗೆ ಎರಡು ಸಂಖ್ಯೆ, ಒಂದು ತಾಯಿಯದು, ಒಂದು ತಂದೆಯದು. ಒಂದು ಭಾನುವಾರ ಗೆರೆ ಹಾಕಿದ ಹಾಳೆ, ಕೆಂಪು ಹಸಿರು ಪೆನ್ಸಿಲ್ ಇಟ್ಟುಕೊಂಡು ಕೂತೆ. ಎಡಗಡೆ ಜೇನುವಿನ ಸಂಖ್ಯೆಗಳು, ಬಲಗಡೆ ಗಂಡಿನವು. ಇಬ್ಬರಲ್ಲೂ ಒಂದೇ ಸಂಖ್ಯೆ ಇದ್ದರೆ ಕೆಂಪು, ಒಂದೂ ಹೊಂದದಿದ್ದರೆ ಹಸಿರು. ಮೊದಲನೆಯವನ ಹಾಳೆ ಮುಗಿಯುವ ಹೊತ್ತಿಗೆ ಕೆಂಪು ಪೆನ್ಸಿಲ್ಲಿನ ಮೊನೆ ಮೊಂಡಾಗಿತ್ತು. ಅವನು ತನ್ನೊಳಗೆ ವೈವಿಧ್ಯ ಉಳ್ಳವನೇ. ಆದರೆ ಅವನಲ್ಲಿ ಇದ್ದುದರಲ್ಲಿ ಹೆಚ್ಚಿನದು ಜೇನುವಿನಲ್ಲೂ ಇತ್ತು. ಮೂರನೆಯವನ ಹಾಳೆ ಮೇಲಿನಿಂದ ಕೆಳಗಿನವರೆಗೆ ಹಸಿರು.

ಕಾರಣ ಸರಳ. ಒಂದು ಜಾಗದಲ್ಲಿ ಜೇನುವಿನದು 12, 12. ಗಂಡಿನದು 14, 14 ಎಂದಿಟ್ಟುಕೊಳ್ಳಿ. ಇಬ್ಬರೂ ಆ ಜಾಗದಲ್ಲಿ ಇನ್‌ಬ್ರೆಡ್. ಆದರೂ ಹುಟ್ಟುವ ಪ್ರತಿಯೊಂದು ಮರಿಯೂ 12, 14 ಆಗಲೇಬೇಕು. ಅದೇ ಇಬ್ಬರದೂ 12, 14 ಆಗಿದ್ದರೆ ಇಬ್ಬರ ವರದಿಯೂ ಚೆನ್ನಾಗಿ ಕಾಣುತ್ತದೆ, ಆದರೆ ಮರಿಗಳಲ್ಲಿ ಅರ್ಧದಷ್ಟು 12, 12 ಅಥವಾ 14, 14 ಆಗುತ್ತವೆ. ಗಂಡಿನ ಅಂಕಿ ಗಂಡಿನ ತಂದೆತಾಯಿಯ ಕತೆ ಹೇಳುತ್ತದೆ. ನಿಮ್ಮ ಮರಿಗಳ ಕತೆ ಇರುವುದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ. ಈ ಒಂದು ವಿಷಯ ನನಗೆ ಮೊದಲೇ ತಿಳಿದಿದ್ದರೆ ಎಷ್ಟು ರಾತ್ರಿಗಳ ನಿದ್ದೆ ಉಳಿಯುತ್ತಿತ್ತೋ. ಹೋದ ಬೆದೆಯಲ್ಲಿ ಅವಸರಪಟ್ಟು ಮೊದಲನೆಯವನ ಬಳಿ ಹೋಗಿದ್ದರೆ ಜೇನುವಿನ ಮರಿಗಳು ಅವಳಂತೆಯೇ ಆಗುತ್ತಿದ್ದವು.

ಮೂರನೆಯವನಲ್ಲಿ ಓಐ ಹೆಚ್ಚು, ಡಿಎಲ್ಎಯ ಎರಡರಲ್ಲಿ ಒಂದು ಹ್ಯಾಪ್ಲೋಟೈಪ್ ಅಪರೂಪದ್ದು. ಅದೆಲ್ಲಕ್ಕಿಂತ ನನ್ನ ಮನಸ್ಸು ಗೆದ್ದದ್ದು ಅವನ ವಯಸ್ಸು. ಅಡಿಸನ್ ಸಾಮಾನ್ಯವಾಗಿ ಎಳೆಯ ಮತ್ತು ನಡುವಯಸ್ಸಿನ ನಾಯಿಗಳಿಗೆ ಬರುವಂಥದ್ದು. ಡಿಎನ್ಎ ಪರೀಕ್ಷೆಯೇ ಇಲ್ಲದ ಕಾಯಿಲೆಗೆ ಒಂಬತ್ತೂವರೆ ವರ್ಷ ಗಟ್ಟಿಮುಟ್ಟಾಗಿ ಬದುಕಿರುವುದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೇನಿದೆ? ಎರಡು ವರ್ಷದ ಗಂಡಿಗೆ ಆ ಸಾಕ್ಷಿ ಹೇಳಲು ಸಾಧ್ಯವೇ ಇಲ್ಲ.

ಮಾಲೀಕರಿಗೆ ಫೋನ್ ಮಾಡಿದಾಗ ಕೇಳಿದ ಮೊದಲ ಪ್ರಶ್ನೆ: ಇವನಿಗೆ ಈವರೆಗೆ ಎಷ್ಟು ಮರಿಗಳಾಗಿವೆ? ಅಪರೂಪದ ಗಂಡು ಎಂದು ಗೊತ್ತಾದ ಕೂಡಲೇ ಎಲ್ಲರೂ ಅವನ ಬಳಿಗೇ ಓಡಿದರೆ ಎರಡು ತಲೆಮಾರಿನಲ್ಲಿ ಅವನೇ ಎಲ್ಲ ಪೆಡಿಗ್ರಿಗಳಲ್ಲೂ ಬರುತ್ತಾನೆ; ಅಪರೂಪ ಎಂಬುದು ಉಳಿಯುವುದಿಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಕೂಡ ಹೇಳುವುದು ಇದನ್ನೇ: ಐದು ವರ್ಷದಲ್ಲಿ ತಳಿಯಲ್ಲಿ ನೋಂದಣಿಯಾಗುವ ಮರಿಗಳ ಶೇಕಡಾ 5ಕ್ಕಿಂತ ಹೆಚ್ಚು ಒಂದೇ ನಾಯಿಯದಾಗಬಾರದು. ಬ್ರಿಟನ್ನಿನ ಪೆಡಿಗ್ರಿಗಳನ್ನು ಲೆಕ್ಕ ಹಾಕಿದ 2008ರ ಒಂದು ಅಧ್ಯಯನದಲ್ಲಿ ಸುಮಾರು 20,000 ಬಾಕ್ಸರ್ ನಾಯಿಗಳು ಜೀನುಗಳ ಲೆಕ್ಕದಲ್ಲಿ ಬರೀ 70 ನಾಯಿಗಳಷ್ಟೇ ಎಂದು ಕಂಡಿತ್ತು. ಮೆಚ್ಚಿನ ಗಂಡುಗಳ ಹಿಂದೆ ಎಲ್ಲರೂ ಹೋದರೆ ಆಗುವುದು ಅದು. ನಮ್ಮ ಕಪ್ಪಣ್ಣನಿಗೆ ಹಿಂದೆ ಆಗಿದ್ದು ಒಂದೇ ಈತು, ನಾಲ್ಕು ಮರಿ.

ಮುಂದಿನ ಬೆದೆಗೆ ಏಳು ತಿಂಗಳು ಕಾದೆ. ಈ ನಡುವೆ ಗಂಡಿನ ವೀರ್ಯ ಪರೀಕ್ಷೆ ಮಾಡಿಸಿಕೊಟ್ಟರು; ವಯಸ್ಸಿನ ಕಾರಣ ಎಣಿಕೆ ಕಡಿಮೆ, ಆದರೆ ಚಲನೆ ಚೆನ್ನಾಗಿತ್ತು. ಕೊನೆಯ ಗಳಿಗೆಯಲ್ಲಿ ಇನ್ನೊಂದು ಅಡ್ಡಿ. ಜೋಡಿಯಾಗುವಾಗ ಒಬ್ಬರಿಂದೊಬ್ಬರಿಗೆ ಹರಡುವ ಬ್ರುಸೆಲ್ಲಾ ಸೋಂಕು ಇಲ್ಲ ಎಂಬ ವರದಿ ಹೊಸದೇ ಬೇಕು ಎಂದರು ಅವನ ಮಾಲೀಕರು, ನನ್ನ ಬಳಿ ಇದ್ದುದು ಹಿಂದಿನ ಬೆದೆಯದು. ಅವರು ಕೇಳಿದ್ದು ನ್ಯಾಯವೇ. ಜೇನು ಬೆದೆಗೆ ಬಂದ ಮೂರನೆಯ ದಿನ ರಕ್ತ ಕೊಟ್ಟು, ಎಂಟನೆಯ ದಿನ ವರದಿ ಬರುವವರೆಗೆ ನನ್ನ ಜೀವ ಕೈಯಲ್ಲಿತ್ತು. ಜೊತೆಗೆ ದಿನ ಬಿಟ್ಟು ದಿನ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ. ಅದು ಮಿಲಿಲೀಟರಿಗೆ 5 ನ್ಯಾನೊಗ್ರಾಂ ಆಸುಪಾಸಿಗೆ ಬಂದಾಗ ಅಂಡ ಬಿಡುಗಡೆ; ಅಂಡ ಹಣ್ಣಾಗಲು ಇನ್ನೂ ಎರಡು ದಿನ. ವೀರ್ಯ ಕಡಿಮೆ ಇರುವ ಹಿರಿಯ ಗಂಡಾದರೆ ಈ ದಿನ ಲೆಕ್ಕ ತಪ್ಪಲೇಬಾರದು.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ವೈವಿಧ್ಯದ ಪರೀಕ್ಷೆಗಳು ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಸೊಂಟದ ಎಕ್ಸ್‌ರೇ, ಪ್ರೊಜೆಸ್ಟರಾನ್, ಓಡಾಟ, ಹೆರಿಗೆಯ ಸಮಯದ ವೈದ್ಯರು, ಮರಿಗಳ ಲಸಿಕೆ ಇವೇ ದೊಡ್ಡವು. ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಮೂರು: ಎರಡನೆಯ ಸಲದ ಸ್ವ್ಯಾಬ್, ಎರಡನೆಯ ಸಲದ ಬ್ರುಸೆಲ್ಲಾ, ಪ್ರತಿ ಮರಿಯ ಪರೀಕ್ಷೆ. ಮರಿ ಮಾರಿ ಇದನ್ನು ವಾಪಸು ಪಡೆಯುವ ಯೋಚನೆ ಇದ್ದರೆ ಇದಕ್ಕೆ ಇಳಿಯಬೇಡಿ ಎಂದೇ ಹೇಳುತ್ತೇನೆ.

ಅಂಡ ಬಿಡುಗಡೆಯಾದ 63ನೆಯ ದಿನ ರಾತ್ರಿ ಜೇನು ಮರಿ ಹಾಕಿದಳು. ಆರು. ಗೋಲ್ಡನ್ ರಿಟ್ರೀವರ್‌ಗಳ ಮೇಲಿನ 2019ರ ಅಧ್ಯಯನದಲ್ಲಿ ತಾಯಿಯ ಸಿಓಐ 10 ಹೆಚ್ಚಿದರೆ ಈತಿಗೆ ಸುಮಾರು ಒಂದು ಮರಿ ಕಡಿಮೆ ಎಂದು ಓದಿದ್ದೆ; 24ರ ಜೇನುವಿಗೆ ಮೂರೋ ನಾಲ್ಕೋ ಎಂದುಕೊಂಡಿದ್ದೆ. ಆರನೆಯದು ಉಸಿರಾಡಲಿಲ್ಲ. ಟವೆಲ್ಲಿನಲ್ಲಿ ಉಜ್ಜುತ್ತಾ ಇಪ್ಪತ್ತು ನಿಮಿಷ ಕೂತೆ. ಪುಟ್ಟ ಕಪ್ಪು ಹೆಣ್ಣುಮರಿ, ಎದೆಯ ಮೇಲೆ ಅಪ್ಪನದೇ ಬಿಳಿ ಮಚ್ಚೆ. ಜೇನು ಅದನ್ನು ಒಮ್ಮೆ ನೆಕ್ಕಿ, ನನ್ನ ಮುಖ ನೋಡಿ, ಉಳಿದ ಐದರ ಕಡೆ ತಿರುಗಿದಳು.

ಮರಿಗಳ ಸ್ವ್ಯಾಬ್ ತೆಗೆಯುವಾಗ ಹುಷಾರು. ಹಾಲು ಕುಡಿದ ಬಾಯಲ್ಲಿ ತಾಯಿಯ ಕೋಶಗಳಿರುತ್ತವೆ. ಐದನೆಯ ವಾರ, ಒಂದೊಂದೇ ಮರಿಯನ್ನು ಬೇರೆ ಕೋಣೆಯಲ್ಲಿ ಎರಡು ಗಂಟೆ ಇಟ್ಟುಕೊಂಡು ತೆಗೆದೆ. ಕೊರಳಿಗೆ ಬೇರೆ ಬೇರೆ ಬಣ್ಣದ ದಾರ, ಲಕೋಟೆಗೂ ಅದೇ ಬಣ್ಣ. ಎಂಟು ವಾರಕ್ಕೆ ಮರಿ ಕೊಡುವುದೆಂದಿದ್ದರೆ ಇದಕ್ಕಿಂತ ತಡಮಾಡಬೇಡಿ. ನನಗೆ ವರದಿ ತಡವಾಗಿ ಬಂದು, ಕಾಯುತ್ತಿದ್ದ ಮನೆಗಳಿಗೆ ಎರಡು ವಾರ ಮುಂದೆ ಹಾಕಬೇಕಾಯಿತು.

ಐಆರ್ −0.11ರಿಂದ 0.14ರವರೆಗೆ. ಒಂದೇ ಬಸಿರಿನ ಐದು ಮರಿಗಳಲ್ಲಿ ಇಷ್ಟು ಅಂತರ! ಪೆಡಿಗ್ರಿಯ ಲೆಕ್ಕದಲ್ಲಿ ಐವರದೂ ಒಂದೇ ಅಂಕಿ. ಅಪರೂಪದ ಡಿಎಲ್ಎ ಐದರಲ್ಲಿ ಮೂರಕ್ಕೆ ಬಂದಿತ್ತು. ಇಬ್ಬರು ನ್ಯೂಸ್ ವಾಹಕಗಳು. −0.11ರ ಹಳದಿ ದಾರದ ಗಂಡುಮರಿಯ ಕೆಳದವಡೆ ಮುಂದಿತ್ತು, ಬಾಗಿಲು ಬಡಿದರೆ ಮೂಲೆ ಸೇರಿ ಗಂಟೆಗಟ್ಟಲೆ ಹೊರಬರುತ್ತಿರಲಿಲ್ಲ. ಅವನು ಮುದ್ದಿನ ನಾಯಿಯಾಗಿ ಒಂದು ಶಾಂತವಾದ ಮನೆಗೆ ಹೋದ. ಅಂಕಿ ಎಷ್ಟೇ ಚೆನ್ನಾಗಿರಲಿ, ಅಂಜುವ ನಾಯಿಯನ್ನು ಮುಂದಿನ ತಲೆಮಾರಿಗೆ ನಾನು ತಂದೆಯಾಗಿ ಆರಿಸಲಾರೆ. ನಾನು ಇಟ್ಟುಕೊಂಡದ್ದು ನೀಲಿ ದಾರದ ಹೆಣ್ಣನ್ನು. ಐಆರ್ 0.02, ಅಪರೂಪದ ಡಿಎಲ್ಎ ಇದೆ, ನ್ಯೂಸ್ ಇಲ್ಲ, ಮೆಟ್ಟಿಲಿನಿಂದ ಬಿದ್ದರೂ ಎದ್ದು ಮತ್ತೆ ಹತ್ತುವವಳು.

ಆದರೆ ಒಂದೇ ಮರಿ ಉಳಿಸಿಕೊಂಡರೆ ಸಾಲದು ಎಂಬುದು ನನಗೆ ತಡವಾಗಿ ಹೊಳೆಯಿತು. ಪ್ರತಿ ಮರಿಗೂ ತಾಯಿಯ ಅರ್ಧ, ತಂದೆಯ ಅರ್ಧ ಬರುತ್ತದೆ. ಒಂದು ಮರಿ ಮಾತ್ರ ಮುಂದೆ ಮರಿ ಮಾಡಿದರೆ ಜೇನುವಿನ ಉಳಿದರ್ಧ ಅಲ್ಲಿಗೇ ಮುಗಿಯಿತು. ಎರಡಾದರೆ ಸರಾಸರಿ ಮುಕ್ಕಾಲು ಉಳಿಯುತ್ತದೆ, ಮೂರಾದರೆ ಶೇಕಡಾ 87.5. ಮಚ್ಚೆಯ ಮುದುಕನ ಅಪರೂಪದ ಜೀನುಗಳಿಗೂ ಇದೇ ಲೆಕ್ಕ. ಹಾಗಾಗಿ ಇನ್ನೊಂದು ಹೆಣ್ಣು, ಒಂದು ಗಂಡು, ಈ ಎರಡು ಮರಿಗಳನ್ನು ಕೊಂಡವರ ಜೊತೆ ಕೂತು ಮಾತಾಡಿದೆ: ಎರಡು ವರ್ಷದವರೆಗೆ ಆಪರೇಷನ್ ಮಾಡಿಸಬೇಡಿ, ಆರೋಗ್ಯ ಪರೀಕ್ಷೆ ಮಾಡಿಸೋಣ, ಸರಿಯಿದ್ದರೆ ಒಂದು ಈತು, ಖರ್ಚು ಹಂಚಿಕೊಳ್ಳೋಣ. ಬರಹದಲ್ಲಿ ಒಪ್ಪಂದ ಮಾಡಿಕೊಂಡೆವು. ಬಾಯಿಮಾತಿಗೆ ಬಿಡಬೇಡಿ, ಎರಡು ವರ್ಷ ದೊಡ್ಡ ಅವಧಿ, ಮನೆಗಳು ಬದಲಾಗುತ್ತವೆ, ಮನಸ್ಸೂ ಬದಲಾಗುತ್ತದೆ. ಪ್ರತಿ ಮರಿಯ ಜೊತೆ ಒಂದು ಫೈಲ್ ಕೊಟ್ಟೆ. ಅದರಲ್ಲಿ ಮರಿಯ ವರದಿ, ತಂದೆತಾಯಿಯ ವರದಿ, ಭೀಮನ ಕಾಯಿಲೆಯ ಪೂರ್ತಿ ವಿವರ. ಕೊನೆಯದನ್ನು ಸೇರಿಸುವಾಗ ಕೈ ತಡೆಯಿತು. ಮುಚ್ಚಿಟ್ಟ ಕಾಯಿಲೆ ಎಷ್ಟು ಮನೆಗಳಲ್ಲಿ ಕಣ್ಣೀರು ತರಿಸಿದೆ ಎಂದು ನೆನೆದು ಸೇರಿಸಿದೆ.

ಮರಿಗಳು ಆರು ವಾರದವಿದ್ದಾಗ ಅಕ್ಕ ನೋಡಲು ಬಂದರು. ನೆಲದ ಮೇಲೆ ಕೂತು ನೀಲಿ ದಾರದವಳ ಕಾಲು, ಬೆನ್ನು, ಹಲ್ಲು ಎಲ್ಲ ನೋಡಿದರು. "ಭುಜ ಚೆನ್ನಾಗಿದೆ" ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು. ಮೇಜಿನ ಮೇಲಿದ್ದ ಕೆಂಪು ಹಸಿರು ಹಾಳೆಗಳನ್ನು ಎತ್ತಿ ಬಹಳ ಹೊತ್ತು ನೋಡಿದರು, ಏನೂ ಕೇಳಲಿಲ್ಲ. ಹೋಗುವಾಗ ಜೇನುವಿನ ತಲೆ ಸವರಿ ಹೋದರು.

ನಿನ್ನೆ ರಾತ್ರಿ ಅವರ ಫೋನ್. ಅವರ ಮನೆಯಲ್ಲಿ ಹನ್ನೆರಡು ವರ್ಷದ ಒಬ್ಬ ಗಂಡು ಇದ್ದಾನೆ, ಹಳೆಯ ಸಂತಾನದ ಕೊನೆಯವನು.

"ಆ ಕಡ್ಡಿ ಕೆನ್ನೆಯೊಳಗೆ ಎಷ್ಟು ಹೊತ್ತು ಉಜ್ಜಬೇಕಮ್ಮ?"

"ಒಂದೊಂದು ಕಡೆ ಅರ್ಧ ನಿಮಿಷ, ಅಕ್ಕ. ಊಟ ಆಗಿ ಎರಡು ಗಂಟೆ ಬಿಟ್ಟು. ಚಿಪ್ ನಂಬರು ಮೊದಲು ತಾಳೆ ನೋಡಿ."

"ಇರು, ಬರ್ಕೋತೀನಿ" ಎಂದರು.